ಇಂದಿನ ಧಮ್ಮ ಚಿಂತನೆ: ಕಪ್ಪು ಬಿಳುಪಿನಲ್ಲಿ ದುಃಖ



ದುಃಖವನ್ನು ಇದ್ದಹಾಗೆ ನೋಡಿ ಎಂದರು ಬುದ್ಧರು. ಹಾಗೆ ನೋಡುವುದು ಹೇಗೆ? ಇವತ್ತು ಒಂದು ಚಿತ್ರದ ಮಾತು.

ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ಕಿರಿಯ ಮಗ ಪೀಟರ್ 1914ರಲ್ಲಿ ಯುದ್ಧಕ್ಕೆ ಹೋಗಿ ಸತ್ತ. ಆ ನೋವನ್ನು ಚಿತ್ರವಾಗಿಸಲು ತಾಯಿ ವರ್ಷಗಟ್ಟಲೆ ಹೆಣಗಿದರು. ಕೊನೆಗೆ ಹಿಡಿದದ್ದು ಮರದ ಹಲಗೆ ಮತ್ತು ಉಳಿ. 1921-22ರಲ್ಲಿ ‘ಯುದ್ಧ’ ಎಂಬ ಏಳು ಮರದಚ್ಚಿನ ಚಿತ್ರಗಳನ್ನು ಮುಗಿಸಿದರು. ಅದರಲ್ಲೊಂದು ‘ತಂದೆತಾಯಿ’. ಮಂಡಿಯೂರಿದ ಇಬ್ಬರು ಒಬ್ಬರಿಗೊಬ್ಬರು ಒರಗಿ ಒಂದೇ ಕರಿಗುಡ್ಡೆಯಂತೆ ಕಾಣುತ್ತಾರೆ. ಮುಖ ಕಾಣುವುದಿಲ್ಲ. ರಕ್ತವಿಲ್ಲ, ಹೆಣವಿಲ್ಲ, ಬಂದೂಕೂ ಇಲ್ಲ. ಆದರೂ ಗಂಟಲು ಕಟ್ಟುತ್ತದೆ.

ಮರದಚ್ಚಿನ ಗುಣವೇ ಅಂಥದ್ದು. ಉಳಿ ಕೆತ್ತಿ ತೆಗೆದ ಜಾಗ ಬಿಳಿ. ಉಳಿದು ನಿಂತ ಮರಕ್ಕೆ ಮಸಿ ಹತ್ತುತ್ತದೆ, ಅದು ಕಪ್ಪು. ಒಮ್ಮೆ ಕೆತ್ತಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹಾಗಾಗಿ ಏನು ಇರಬೇಕು, ಏನು ಹೋಗಬೇಕು ಎಂದು ಮೊದಲೇ ಯೋಚಿಸಬೇಕು. ಕಪ್ಪು ಅಂದರೆ ಕೇಡು ಎಂದು ನಮಗೆ ಕಲಿಸಿದವರು ಬೇರೆ. ಇಲ್ಲಿ ಮಾತಾಡುವುದು ಕಪ್ಪೇ.

ನಮ್ಮವರ ಮೇಲೆ ದೌರ್ಜನ್ಯ ನಡೆದಾಗ ಹೆಣದ ಫೋಟೋ ಗ್ರೂಪಿನಿಂದ ಗ್ರೂಪಿಗೆ ಓಡುತ್ತದೆ. ಒಂದು ನಿಮಿಷ ಸಿಟ್ಟು, ಆಮೇಲೆ ಮುಂದಿನ ಮೆಸೇಜು. ಸತ್ತವರ ಮನೆಯವರ ಮೊಬೈಲಿಗೂ ಅದೇ ಫೋಟೋ ಬರುತ್ತದೆ. ಕೋಲ್ವಿಟ್ಸ್ ಈ ಚಿತ್ರದಲ್ಲಿ ಸತ್ತ ಮಗನನ್ನು ತೋರಿಸಲಿಲ್ಲ, ಬದುಕಿ ಉಳಿದವರನ್ನು ತೋರಿಸಿದರು.

ಅಚ್ಚಿಗೂ ಧಮ್ಮಕ್ಕೂ ಹಳೆಯ ನಂಟು. 868ರಲ್ಲಿ ಚೀನಾದ ವಾಂಗ್ ಜಿಯೆ ಎಂಬವರು ತಂದೆತಾಯಿಯ ಹೆಸರಿನಲ್ಲಿ ವಜ್ರಚ್ಛೇದಿಕಾ ಸೂತ್ರವನ್ನು ಮರದಚ್ಚಿನಲ್ಲಿ ಮಾಡಿಸಿದರು. ಬುದ್ಧರು ಸುಭೂತಿಗೆ ಬೋಧಿಸುವ ಚಿತ್ರ ಅದರ ಮೊದಲಿಗಿದೆ. ಮಾಡಿಸಿದ್ದು ಪುಕ್ಕಟೆ ಹಂಚುವುದಕ್ಕೆ. (ನಮ್ಮ ಫಾರ್ವರ್ಡುಗಳ ಮುತ್ತಜ್ಜ ಅನ್ನಿ!)

ನಮ್ಮ ಪಾಮನಕಲ್ಲೂರಿನವರು ಅಷ್ಟು ದೂರ ಹೋಗಬೇಕಿಲ್ಲ, ಮಸ್ಕಿ ಇದೆ. ಅಲ್ಲಿನ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದರ ಪಡಿಯಚ್ಚು ನೋಡಿದ್ದೀರಾ? ಒದ್ದೆ ಕಾಗದವನ್ನು ಬಂಡೆಗೆ ಒತ್ತಿ ಮಸಿ ತಟ್ಟಿದರೆ ಬಂಡೆಯೆಲ್ಲ ಕಪ್ಪಾಗಿ, ಕೊರೆದ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬಂಡೆಯ ಮೇಲೆ ಸವೆದು ಮಸುಕಾದದ್ದು ಕಾಗದದಲ್ಲಿ ತಿಳಿಯಾಗುತ್ತದೆ. ದೊಡ್ಡವರಷ್ಟೇ ಅಲ್ಲ, ಧಮ್ಮದಲ್ಲಿ ತೊಡಗಿದ ಸಣ್ಣವನೂ ಆ ಎತ್ತರ ಮುಟ್ಟಬಲ್ಲ ಎಂಬ ಮಾತು ಅದರಲ್ಲಿದೆ. ಅಶೋಕನ ಹೆಸರು ಮೊದಲ ಸಾಲಿನಲ್ಲೇ ಇದೆ. ಮಕ್ಕಳನ್ನು ಮಸ್ಕಿಗೆ ಕರೆದೊಯ್ದಾಗ ಮೊದಲು ಬಂಡೆ ತೋರಿಸಿ, ಆಮೇಲೆ ಪಡಿಯಚ್ಚು ತೋರಿಸಿ. ಆ ಹೆಸರನ್ನು ಅವರೇ ಹುಡುಕಲಿ.

ಜೈ ಭೀಮ್.