ಕಾಣದ ಹದಿನೈದನೆಯ ಕಲ್ಲು

ಧಾರವಾಡದವರಿಗೆ ತೋಟವೆಂದರೆ ಹಿತ್ತಲು. ಪೂಜೆಗೆ ನಾಲ್ಕು ದಾಸವಾಳ, ಉಪ್ಪಿನಕಾಯಿಗೆ ಲಿಂಬೆ, ನೆರಳಿಗೊಂದು ಮಾವು. ಇಂಥ ಕಣ್ಣುಗಳನ್ನು ಹೊತ್ತುಕೊಂಡೇ ನಾನು ಜಪಾನಿನ ಕ್ಯೋಟೋ ನಗರದ ರಿಯೋಆನ್‌ಜಿ ಗುಡಿಯ ತೋಟ ನೋಡಲು ಹೋದೆ. 1450ರಲ್ಲಿ ಸ್ಥಾಪನೆಯಾದ ಝೆನ್ ಬೌದ್ಧರ ಗುಡಿ ಅದು. ಪಾದರಕ್ಷೆ ಕಳಚಿ ಮರದ ಜಗಲಿಯ ಮೇಲೆ ಕುಳಿತೆ. ಎದುರಿಗೆ ಸುಮಾರು 25 ಮೀಟರು ಉದ್ದ, 10 ಮೀಟರು ಅಗಲದ ಅಂಗಳ. ಬಿಳಿಯ ಹರಳುಗಲ್ಲಿನ ಹಾಸು. ಅದರ ಮೇಲೆ ಕೂರಿಗೆಯ ಸಾಲಿನಂತೆ ಎಳೆದ ಗೆರೆ. ನಡುನಡುವೆ ಪಾಚಿಯ ಅಂಚಿನಲ್ಲಿ ಐದು ಗುಂಪಾಗಿ ಕಲ್ಲುಗಳು. ಹೂವಿಲ್ಲ, ಹಣ್ಣಿಲ್ಲ, ನೀರಿಲ್ಲ. ಇದೆಂಥ ತೋಟ ಎಂದುಕೊಂಡೆ.

ಕಲ್ಲುಗಳು 15 ಎಂದು ಓದಿದ್ದೆ. ಎಣಿಸಿದರೆ 14. ತುಸು ಸರಿದು ಕುಳಿತೆ. ಮರೆಯಾಗಿದ್ದುದು ಕಂಡಿತು, ಕಂಡಿದ್ದುದೊಂದು ಮರೆಯಾಯಿತು. ಜಗಲಿಯಲ್ಲಿ ಎಲ್ಲಿ ಕುಳಿತರೂ ಹದಿನೈದೂ ಒಮ್ಮೆಲೆ ಕಾಣವು.

ಅಲ್ಲಿ ನನಗೆ ನೆನಪಾದವನು ತಮ್ಮ. ಮನೆ ಪಾಲಾದ ವರುಷವೇ ಅವನು ಅಪ್ಪ ಹಚ್ಚಿದ ಮಾವಿನ ಗಿಡ ಕಡಿಸಿದ್ದ. ದುಡ್ಡಿನಾಸೆ ಎಂದು ತೀರ್ಪು ಕೊಟ್ಟು ಹತ್ತು ವರುಷ ಮಾತು ಬಿಟ್ಟಿದ್ದೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ಎಲ್ಲವೂ ಕಾಣುತ್ತಿತ್ತಲ್ಲ!

ಹಾಗಾದರೆ ಪೂರ್ಣ ಕಾಣದವನು ಯಾರ ತಪ್ಪನ್ನೂ ತಪ್ಪೆನ್ನಬಾರದೆ? ಹಾಗೆಂದರೆ ಅನ್ಯಾಯ ಮಾಡಿದವನಿಗೆ ಒಳ್ಳೆಯ ಕೊಡೆ ಹಿಡಿದಂತಾದೀತು. ಕಂಡ ಹದಿನಾಲ್ಕು ಕಲ್ಲುಗಳೂ ಕಲ್ಲುಗಳೇ. ಅವನ್ನು ಇಲ್ಲವೆನ್ನುವುದು ವಿನಯವಲ್ಲ, ಹೇಡಿತನ. ಅನೇಕಾಂತವನ್ನು ಬೋಧಿಸಿದ ಜೈನರೂ ಕಂಡದ್ದನ್ನು ಅಲ್ಲಗಳೆಯಲಿಲ್ಲ. ಕಂಡದ್ದಷ್ಟೇ ಸತ್ಯವೆಂಬ ಹಟವನ್ನು ಅಲ್ಲಗಳೆದರು. ತೀರ್ಪು ಕೊಡಲೇಬೇಕಾದೀತು, ಆದರೆ ಸರಿದು ಕುಳಿತು ನೋಡಲು ಜಗಲಿಯಲ್ಲಿ ಒಂದಿಷ್ಟು ಎಡೆ ಉಳಿಸಿಕೊಂಡಿರಬೇಕು.

ಊರಿಗೆ ಮರಳಿದ ಮೇಲೆ ಮಾಳಮಡ್ಡಿಯಲ್ಲಿರುವ ತಮ್ಮನ ಮನೆಗೆ ಹೋದೆ. "ಗಿಡ ಯಾಕ ಕಡಿಸಿದ್ಯೋ?" ಎಂದೆ.

"ಇಷ್ಟ ದಿನಕ್ಕ ಕೇಳಿದಿ ಅಣ್ಣಾ. ಬೇರು ಗ್ವಾಡಿ ಸೀಳಿತ್ತು. ಅವ್ವ ಆ ಗ್ವಾಡಿ ಬದಿಗೇ ಮಲಗತಿದ್ಲು."

ಗಿಡ ಉಳಿಸಲು ಬೇರೆ ದಾರಿಯಿತ್ತೆಂದು ಇಂದಿಗೂ ನಂಬಿದ್ದೇನೆ. ಆದರೆ ಆ ಮಾತನ್ನು ಈಗ ಅವನ ಪಡಸಾಲೆಯಲ್ಲೇ ಕುಳಿತು, ಅವನ ಮನೆಯ ಚಹ ಕುಡಿಯುತ್ತ ಆಡುತ್ತೇನೆ.