ಮೋಂಟಿ ಕೊಟ್ಟ ಬೋಲ್ಟ್ ಯಾರದು?

ಇವತ್ತು ಒಬ್ಬ ಆಟಗಾರನ ವಿಷಯ ಮಾತಾಡ್ತೀನಿ. ಕ್ರಿಕೆಟ್ ಅಲ್ಲ, ಬೇಜಾರಾಗಬೇಡಿ. ಬಾಬ್‌ಸ್ಲೆಡ್. ಬೆಟ್ಟದ ಮೇಲಿಂದ ಕೆಳಗಿನವರೆಗೂ ಮಂಜುಗಡ್ಡೆಯ ಕಾಲುವೆ, ತಿರುವಿನ ಮೇಲೆ ತಿರುವು. ಇಬ್ಬರು ಅಥವಾ ನಾಲ್ವರು ಸ್ಲೆಡ್ ತಳ್ಳಿಕೊಂಡು ಓಡಿ, ಹಾರಿ ಒಳಗೆ ಕೂರ್ತಾರೆ. ಮುಂದೆ ಕೂತವನು ಪೈಲಟ್, ದಾರಿ ಹಿಡಿಸೋದು ಅವನ ಕೆಲಸ. ಹಿಂದಿನವನು ಬ್ರೇಕ್‌ಮನ್. ಗಂಟೆಗೆ 100 ಕಿಲೋಮೀಟರಿಗಿಂತ ಜಾಸ್ತಿ ವೇಗ. ಒಲಿಂಪಿಕ್ಸ್‌ನಲ್ಲಿ ನಾಲ್ಕು ಸಲ ಇಳೀಬೇಕು. ನಾಲ್ಕರ ಸಮಯ ಕೂಡಿಸಿದಾಗ ಸೆಕೆಂಡಿನ ಒಂದು ಚೂರಿನಲ್ಲಿ ಪದಕ ಬರುತ್ತೆ, ಹೋಗುತ್ತೆ.

ಇಟಲಿಯ ಯೂಜೀನಿಯೊ ಮೋಂಟಿ ಅಂಥ ಪೈಲಟ್. 1928ರಲ್ಲಿ ಹುಟ್ಟಿದವರು. ಮೊದಲು ಸ್ಕೀಯಿಂಗ್ ಮಾಡ್ತಿದ್ದರು, ಮೊಣಕಾಲಿಗೆ ಪೆಟ್ಟು ಬಿದ್ದ ಮೇಲೆ ಈ ಆಟಕ್ಕೆ ಬಂದರು. 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ. 1957ರಿಂದ 1961ರವರೆಗೆ ಪ್ರತಿ ವರ್ಷ ಇಬ್ಬರ ಸ್ಲೆಡ್‌ನಲ್ಲಿ ಅವರೇ ವಿಶ್ವ ಚಾಂಪಿಯನ್. ಆದರೆ 1960ರ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೆಡ್ ಸ್ಪರ್ಧೆಯೇ ಇರಲಿಲ್ಲ, ಅಲ್ಲಿ ಟ್ರ್ಯಾಕ್ ಕಟ್ಟಲಿಲ್ಲ. ಹಾಗಾಗಿ 1964ರಲ್ಲಿ ಇನ್ಸ್‌ಬ್ರುಕ್‌ಗೆ ಬಂದಾಗ ಅವರಿಗೆ 36 ವಯಸ್ಸು. ಎಲ್ಲಾ ಗೆದ್ದಿದ್ದಾರೆ, ಒಲಿಂಪಿಕ್ ಚಿನ್ನ ಒಂದು ಬಿಟ್ಟು.

ಅಲ್ಲಿ ಬ್ರಿಟನ್ನಿನ ಟೋನಿ ನ್ಯಾಶ್, ರಾಬಿನ್ ಡಿಕ್ಸನ್ ಜೋಡಿ ಇತ್ತು. ಅವರ ಸ್ಲೆಡ್‌ನ ಹಿಂದಿನ ಆಕ್ಸಲ್ ಹಿಡಿದಿದ್ದ ಬೋಲ್ಟ್ ಮುರಿದುಹೋಯ್ತು. ಇದು ಮೋಂಟಿಗೆ ಗೊತ್ತಾಯ್ತು. ತಮ್ಮ ಎರಡನೇ ಓಟ ಮುಗಿಸಿ, ತಮ್ಮ ಸ್ಲೆಡ್‌ನಿಂದಲೇ ಬೋಲ್ಟ್ ಕಳಚಿಸಿ ಅವರಿಗೆ ಕೊಟ್ಟರು. ಕೊನೆಗೆ ಚಿನ್ನ ಬ್ರಿಟನ್ನಿಗೆ. ಮೋಂಟಿಗೆ ಕಂಚು. ಊರಲ್ಲಿ ಟೀಕೆ ಬಂತು. ಅವರು ಕೊಟ್ಟ ಉತ್ತರ ಚಿಕ್ಕದು: ಬೋಲ್ಟ್ ಕೊಟ್ಟಿದ್ದಕ್ಕೆ ನ್ಯಾಶ್ ಗೆದ್ದಿಲ್ಲ, ಎಲ್ಲರಿಗಿಂತ ವೇಗವಾಗಿ ಬಂದಿದ್ದಕ್ಕೆ ಗೆದ್ದ.

ಎಷ್ಟು ಒಳ್ಳೆಯ ಮನುಷ್ಯ, ಅಂತ ಹೇಳಿ ಚಪ್ಪಾಳೆ ತಟ್ಟಿ ಮುಂದೆ ಹೋಗಬಹುದು. ನನಗೆ ಹೋಗೋಕೆ ಆಗಲ್ಲ. ಯಾಕಂದ್ರೆ ಆ ಸ್ಲೆಡ್‌ನಲ್ಲಿ ಇನ್ನೊಬ್ಬರಿದ್ದರು: ಬ್ರೇಕ್‌ಮನ್ ಸೆರ್ಜಿಯೊ ಸಿಯೋರ್ಪಾಯೆಸ್. ಬೋಲ್ಟ್ ಇಬ್ಬರದೂ ಅಲ್ವಾ? ನನ್ನ ಜೇಬಿನಿಂದ ದಾನ ಮಾಡಿದರೆ ಔದಾರ್ಯ. ಪಕ್ಕದವನ ಜೇಬಿಗೂ ಕೈ ಹಾಕಿ ದಾನ ಮಾಡಿದರೆ ಅದಕ್ಕೆ ಏನಂತಾರೆ?

ಈ ಪ್ರಶ್ನೆಯನ್ನು ಹಗುರ ಮಾಡಬೇಡಿ. ಮನೆಯವರಿಗೆ ಕಷ್ಟ ಕೊಟ್ಟು ಊರಿಗೆಲ್ಲಾ ಉಪಕಾರ ಮಾಡಿ ಹೆಸರು ತಗೊಳ್ಳೋರು ಸಭೆಗಳಲ್ಲೂ ಇದ್ದಾರೆ.

ಹಾಗಾದರೆ ಮೋಂಟಿ ತನ್ನ ಜೊತೆಗಾರನಿಗೆ ಏನು ಕೊಡಬೇಕಾಗಿತ್ತು? ಚೆನ್ನಾಗಿ ನಡೆಸೋದು. ಒಂದು ತಿರುವಿನಲ್ಲೂ ಸೋಮಾರಿತನ ಮಾಡದೆ ಇರೋದು. ನ್ಯಾಶ್ ಮೇಲಿನ ಕನಿಕರಕ್ಕೆ ಬೇಕಂತಲೇ ನಿಧಾನ ಮಾಡಿದ್ದರೆ ಅದು ದ್ರೋಹ, ನಾನೇ ಹೇಳ್ತೀನಿ. ಆದರೆ ಅವರು ತಮ್ಮ ವೇಗ ಬಿಟ್ಟುಕೊಡಲಿಲ್ಲ. ತಮ್ಮ ಓಟ ಪೂರ್ತಿ ಓಡಿದ ಮೇಲೆ ಕೊಟ್ಟರು. ಬಿಟ್ಟುಕೊಟ್ಟಿದ್ದು ಇನ್ನೊಬ್ಬರ ಬೋಲ್ಟ್ ಮುರಿದಿದ್ದರಿಂದ ಬರಬಹುದಾಗಿದ್ದ ಲಾಭವನ್ನ. ಆ ಲಾಭ ಸಿಯೋರ್ಪಾಯೆಸ್ ಅವರ ದುಡಿಮೆ ಅಲ್ಲ, ಮೋಂಟಿಯ ದುಡಿಮೆಯೂ ಅಲ್ಲ. ಯಾರೂ ದುಡಿಯದೇ ಇದ್ದದ್ದನ್ನ ಯಾರಿಂದ ಕಿತ್ತುಕೊಂಡ ಹಾಗಾಯ್ತು?

ನಿಮ್ಮ ಆಫೀಸಿಗೂ ಇದು ಬರುತ್ತೆ. ಒಂದೇ ಪ್ರಮೋಷನ್‌ಗೆ ನೀವಿಬ್ಬರು. ಪ್ರೆಸೆಂಟೇಷನ್ ದಿನ ಅವನ ಲ್ಯಾಪ್‌ಟಾಪ್ ಕೈಕೊಟ್ಟಿದೆ, ನಿಮ್ಮ ಬ್ಯಾಗಿನಲ್ಲಿ ಇನ್ನೊಂದಿದೆ. ಮನೆಯಲ್ಲಿ ಇಎಂಐ ಇದೆ, ಹೆಂಡತಿ ಮಕ್ಕಳಿದ್ದಾರೆ, ಅವರೂ ನಿಮ್ಮ ಸ್ಲೆಡ್‌ನಲ್ಲೇ ಕೂತಿದ್ದಾರೆ. ಸುಮ್ಮನಿದ್ದರೆ ಯಾರೂ ಕಳ್ಳ ಅನ್ನಲ್ಲ.

ಈ ಕಥೆಯ ಮುಂದಿನ ಭಾಗ ಹೇಳೋಕೆ ನನಗೆ ಸ್ವಲ್ಪ ಭಯ. 1968ರ ಒಲಿಂಪಿಕ್ಸ್ ಗ್ರೆನೋಬಲ್‌ನಲ್ಲಿ. ಮೋಂಟಿಗೆ 40 ವಯಸ್ಸು. ಇಬ್ಬರ ಸ್ಲೆಡ್‌ನಲ್ಲಿ ನಾಲ್ಕು ಓಟದ ಸಮಯ ಕೂಡಿಸಿದರೆ ಪಶ್ಚಿಮ ಜರ್ಮನಿಯ ಜೋಡಿಗೂ ಇವರಿಗೂ ಸರಿಸಮ! ಎಲ್ಲಕ್ಕಿಂತ ವೇಗದ ಒಂದು ಓಟ ಯಾರದೋ ಅವರಿಗೆ ಚಿನ್ನ ಅಂತ ತೀರ್ಮಾನವಾಯ್ತು. ಅದು ಮೋಂಟಿಯದು. ನಾಲ್ವರ ಸ್ಲೆಡ್‌ನಲ್ಲೂ ಚಿನ್ನ. ಇಲ್ಲಿ ನಮ್ಮಂಥ ಬೋಧಕರಿಗೆ ಬಾಯಿ ಚಪಲ: ನೋಡಿ, ಒಂದು ಬೋಲ್ಟ್ ಕೊಟ್ಟ, ದೇವರು ಎರಡು ಚಿನ್ನ ಕೊಟ್ಟ, ಹಲ್ಲೆಲೂಯಾ!

ಬೇಡ. ಈ ಲೆಕ್ಕ ನಿಲ್ಲಲ್ಲ. 1968ರಲ್ಲಿ ಮೋಂಟಿಯ ಹಿಂದೆ ಕೂತಿದ್ದು ಲುಚಿಯಾನೊ ದೆ ಪಾವೊಲಿಸ್. ಸಿಯೋರ್ಪಾಯೆಸ್ ಅಲ್ಲ. ಬೋಲ್ಟ್‌ನಲ್ಲಿ ಅರ್ಧ ಪಾಲಿದ್ದ ಆ ಮನುಷ್ಯನ ಒಲಿಂಪಿಕ್ ಪದಕಗಳು 1964ರ ಎರಡು ಕಂಚು, ಅಷ್ಟೇ. ಬಡ್ಡಿ ಸಮೇತ ವಾಪಸ್ ಬರುತ್ತೆ ಅಂತ ಕೊಡೋದಾದರೆ ಮೊದಲು ಇವರ ಮುಖ ನೋಡಿ ಉತ್ತರ ಹೇಳಿ. ಮೋಂಟಿ ಕೊಟ್ಟಾಗಲೂ 1968 ಅವರ ಕಣ್ಣ ಮುಂದೆ ಇರಲಿಲ್ಲ. ಇದ್ದದ್ದು ಮುರಿದ ಬೋಲ್ಟ್, ಬಿಚ್ಚಬಹುದಾದ ಬೋಲ್ಟ್.

1 ಸಮುವೇಲ 18 ತೆಗೆದು ನೋಡಿ. ಯೋನಾತಾನ ರಾಜನ ಮಗ, ಮುಂದಿನ ಸಿಂಹಾಸನ ಅವನದು. ಅವನು ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟು ಬಿಚ್ಚಿ ದಾವೀದನಿಗೆ ಕೊಟ್ಟ. ಇವನು ಬದುಕಿರೋವರೆಗೆ ನಿನಗೆ ರಾಜ್ಯ ಇಲ್ಲ ಅಂತ ಅಪ್ಪ ಸೌಲ ಆಮೇಲೆ ಮುಖಕ್ಕೆ ಹೇಳಿದ. ಆಗಲೂ ಯೋನಾತಾನ ಕೊಟ್ಟದ್ದನ್ನ ವಾಪಸ್ ಕೇಳಲಿಲ್ಲ. ದಾವೀದನ ಪಟ್ಟಾಭಿಷೇಕವನ್ನೂ ಅವನು ನೋಡಲಿಲ್ಲ. ಅದಕ್ಕೆ ಮುಂಚೆಯೇ ಗಿಲ್ಬೋವ ಬೆಟ್ಟದಲ್ಲಿ, ಅಪ್ಪನ ಪರವಾಗಿ ಯುದ್ಧ ಮಾಡ್ತಾ ಸತ್ತ.