ಆರೋಗ್ಯವು ಯಾರ ಹೊಣೆ?

ರೋಗವು ಬಂದೊಡನೆ ಅದನ್ನು ಪೂರ್ವಕರ್ಮದ ಫಲವೆಂದು ಕೈಚೆಲ್ಲಿ ಕೂಡುವವರು ಕೆಲವರು. ನಾಲಗೆಯ ಚಾಪಲ್ಯದ ಫಲವೆಂದು ರೋಗಿಯತ್ತ ಬೆರಳು ತೋರುವವರು ಮತ್ತೆ ಕೆಲವರು. ಮೊದಲನೆಯವರು ಮನುಷ್ಯಪ್ರಯತ್ನವನ್ನು ಅಲ್ಲಗಳೆಯುತ್ತಾರೆ. ಎರಡನೆಯವರು ಕರುಣೆಯನ್ನು ಮರೆಯುತ್ತಾರೆ. ಹಾಗಾದರೆ ದೇಹದ ಆರೋಗ್ಯಕ್ಕೆ ನಿಜವಾಗಿ ಹೊಣೆ ಯಾರು? ಸದ್ಭಕ್ತರೆಲ್ಲರೂ ವಿಚಾರಮಾಡಬೇಕಾದ ಪ್ರಶ್ನೆಯಿದು.

ಉಡುಪಿ ಜಿಲ್ಲೆಯ ಕಾಪು ಮತ್ತು ಪಡುಬಿದ್ರಿಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ಉಚ್ಚಿಲವು ಮೊಗವೀರ ಬಂಧುಗಳ ಶ್ರೀ ಮಹಾಲಕ್ಷ್ಮೀ ದೇವಾಲಯದಿಂದ ಹೆಸರಾದ ಊರು. ಈ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯೇ ಬದುಕಿನ ಆಧಾರವಾಗಿತ್ತು. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಹರಡಿದ ಬಲೆಯ ಎರಡು ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನರು ತೋಳ್ಬಲದಿಂದಲೇ ಎಳೆಯಬೇಕಿತ್ತು. ದೊರೆತುದನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಹೆಂಗಸರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದರು. ಮನೆಯಲ್ಲಿ ಕುಚ್ಚಲಕ್ಕಿಯ ಗಂಜಿ. 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹರಡಿದ ಮೇಲೆ ರಂಪಣಿಯು ಹಿಂದೆ ಸರಿಯಿತು. ಕೈರಂಪಣಿಯು ಇಂದಿಗೂ ಅಲ್ಲಲ್ಲಿ ಉಳಿದಿದೆಯಾದರೂ ಊರಿಗೆ ಊರೇ ಹಗ್ಗ ಹಿಡಿಯುವ ಕಾಲ ಹೋಯಿತು.

ಆ ಕಾಲವೇ ಸುಖಮಯವಾಗಿತ್ತೆಂದು ಹಂಬಲಿಸುವುದು ಅವಿವೇಕ. ಮಳೆಗಾಲದ ಹಸಿವು, ಕಡಲು ನುಂಗಿದ ಜೀವಗಳು, ಮದ್ದಿಲ್ಲದ ಜ್ವರಗಳು ಆ ಬದುಕಿನ ಭಾಗವೇ ಆಗಿದ್ದವು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷವಿತ್ತು. ಇಂದು ಅದು ಸುಮಾರು 70. ಆದರೆ ಒಂದು ಮಾತನ್ನು ಮರೆಯಲಾಗದು. ಅಂದು ಆಹಾರ ಮತ್ತು ದುಡಿಮೆಗಳ ಸಮತೋಲವನ್ನು ಬದುಕೇ ಕಾಯುತ್ತಿತ್ತು. ಅದಕ್ಕಾಗಿ ಯಾರೂ ಸಂಕಲ್ಪ ಮಾಡಬೇಕಾಗಿರಲಿಲ್ಲ. ಇಂದು ಪರಿಸ್ಥಿತಿಯು ಮಾಡುತ್ತಿದ್ದ ಕೆಲಸವನ್ನು ವಿವೇಕವು ಮಾಡಬೇಕಾಗಿದೆ.

ಉಂಡ ಅನ್ನವನ್ನು ದೇಹವು ಶಕ್ತಿಯಾಗಿ, ಧಾತುವಾಗಿ ಮಾರ್ಪಡಿಸುವ ಕ್ರಿಯೆಯನ್ನು ವಿಜ್ಞಾನಿಗಳು ಚಯಾಪಚಯವೆನ್ನುತ್ತಾರೆ. ನಮ್ಮ ಪೂರ್ವಿಕರು ಅಗ್ನಿಯೆಂದರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಆಹಾರದ ಮಾತ್ರೆಯನ್ನೇ ಕುರಿತದ್ದು. ಮಾತ್ರೆಯು ಅವರವರ ಅಗ್ನಿಬಲವನ್ನು ಅವಲಂಬಿಸಿದೆಯೆಂದು ಅದು ತಿಳಿಸುತ್ತದೆ. ಸುಮ್ಮನೆ ಮಲಗಿದ್ದಾಗಲೂ ಹೃದಯ, ಮಿದುಳು, ಯಕೃತ್ತುಗಳು ದುಡಿಯುತ್ತಲೇ ಇರುತ್ತವೆ. ಸಾಮಾನ್ಯರಲ್ಲಿ ದಿನದ ಶಕ್ತಿವ್ಯಯದ ಅರ್ಧಕ್ಕಿಂತ ಹೆಚ್ಚು ಭಾಗ ಇದಕ್ಕೇ ಸಲ್ಲುತ್ತದೆ. ವಯಸ್ಸು ನಲವತ್ತಾಯಿತು, ಅಗ್ನಿ ಮಂದವಾಯಿತು, ಆದ್ದರಿಂದ ಮೈ ಬೆಳೆಯಿತೆಂದು ಹೇಳಿಕೊಳ್ಳುವುದು ರೂಢಿ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯೇ ಹೇಳುತ್ತದೆ: ದೇಹದ ಗಾತ್ರ ಮತ್ತು ರಚನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಇಪ್ಪತ್ತರಿಂದ ಅರವತ್ತರವರೆಗೆ ಈ ವ್ಯಯವು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಬದಲಾದುದು ಬಹುಮಟ್ಟಿಗೆ ನಮ್ಮ ತಟ್ಟೆ, ನಮ್ಮ ಕುರ್ಚಿ.

ವ್ಯಾಯಾಮದ ಮಹಿಮೆಯನ್ನೂ ಸರಿಯಾಗಿ ಅರಿಯಬೇಕು. ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾದ ಶಕ್ತಿಯನ್ನು ಒಂದು ಲಾಡು ಮರಳಿ ತುಂಬಬಲ್ಲದು. ಆದ್ದರಿಂದ ನಡೆಯುತ್ತೇನೆಂಬ ಧೈರ್ಯದಿಂದ ಮಿತಿಮೀರಿ ಉಣ್ಣುವುದು ಸಲ್ಲದು. ಆದರೂ ನಡಿಗೆ ವ್ಯರ್ಥವಲ್ಲ. ದುಡಿಯುವ ಸ್ನಾಯುವು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ತನ್ನೊಳಗೆ ಎಳೆದುಕೊಳ್ಳಬಲ್ಲದು. ಊಟದ ಬಳಿಕ ಸ್ವಲ್ಪ ನಡೆದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕೆಂದ ವಾಗ್ಭಟನು ಅತಿಯಾದ ವ್ಯಾಯಾಮದ ಅಪಾಯವನ್ನೂ ಬಲ್ಲವನಾಗಿದ್ದನು.

ಅನ್ನದ ವಿಷಯದಲ್ಲಿಯೂ ಹಾಗೆಯೇ. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡಿದಾಗ ತೌಡಿನಲ್ಲಿರುವ ಜೀವಸತ್ವಗಳ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಕುಚ್ಚಲಕ್ಕಿಯ ಹಿರಿಮೆ ಇದೇ. ಹೊಳಪಿನ ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳಲ್ಲಿ ಬೆರಿಬೆರಿಯಂತಹ ರೋಗವನ್ನು ಜಾವಾ ದ್ವೀಪದಲ್ಲಿ ಕಂಡ ಐಕ್‌ಮನ್ ಎಂಬ ಡಚ್ ವೈದ್ಯನಿಗೆ 1929ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಸಾಮಾನ್ಯ ಗೃಹಿಣಿಯ ಅಡುಗೆಮನೆಯಲ್ಲಿ ಇದ್ದ ವಿವೇಕವನ್ನು ನಾವು ಬಿಳುಪಿನ ಮೋಹಕ್ಕೆ ತೊರೆಯಬಾರದು. ಆದರೆ ಕುಚ್ಚಲಕ್ಕಿಯಾದರೂ ಮಿತಿ ತಪ್ಪಿದರೆ ಹಿತವಲ್ಲ; ಅದರೊಡನೆ ಕಾಳು, ಸೊಪ್ಪು, ತರಕಾರಿಗಳಿಗೂ ತಟ್ಟೆಯಲ್ಲಿ ಎಡೆಯಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳು. ಅದರ ಹೊಸ್ತಿಲಲ್ಲಿರುವವರು ಮತ್ತೆ 13 ಕೋಟಿಗೂ ಹೆಚ್ಚು. ಇಷ್ಟು ಜನರೆಲ್ಲರೂ ಚಪಲರೆನ್ನುವುದು ನ್ಯಾಯವೆ? ವಂಶದ ಪಾಲು ಒಬ್ಬೊಬ್ಬರಿಗೆ ಒಂದೊಂದು ರೀತಿ. ದಿನಗಟ್ಟಲೆ ಆಳಕಡಲಲ್ಲಿದ್ದು ಹೊತ್ತುಗೊತ್ತಿಲ್ಲದೆ ಉಂಡು ಮಲಗುವ ಮೀನುಗಾರನೂ, ರಾತ್ರಿಪಾಳಿಯ ಕಾರ್ಮಿಕನೂ ತಮ್ಮ ದಿನಚರಿಯನ್ನು ತಾವೇ ಆರಿಸಿಕೊಂಡವರಲ್ಲ. ಅಗ್ಗದ ಎಣ್ಣೆತಿಂಡಿ ಎಲ್ಲೆಡೆ ಸಿಗುತ್ತದೆ, ಹಣ್ಣು ದುಬಾರಿ. ರೋಗಿಯನ್ನು ನಿಂದಿಸುವ ಮೊದಲು ಇದನ್ನೆಲ್ಲ ಎಣಿಸಬೇಕು. ಆದರೆ ತನ್ನ ಕೈಯಲ್ಲಿರುವಷ್ಟನ್ನು ಮಾಡದೆ ಪರಿಸ್ಥಿತಿಯನ್ನು ಹಳಿಯುವುದೂ ಸರಿಯಲ್ಲ. ದೇಹವನ್ನು ನಾವು ದುಡಿದು ಪಡೆದಿಲ್ಲ. ಕಾಯಕಕ್ಕಾಗಿ ಅದು ನಮಗೆ ಒಪ್ಪಿಸಲ್ಪಟ್ಟ ಸಾಧನ. ಒಪ್ಪಿಸಿದುದನ್ನು ಕಾಯುವುದು ಕರ್ತವ್ಯ. ಕಾಯ್ದರೂ ಅದು ಕೆಟ್ಟರೆ ಅಪರಾಧವಿಲ್ಲ.

ಹೊಣೆಯ ಒಂದು ಪಾಲು ಉಣಬಡಿಸುವವರದೂ ಹೌದು. ಬೇಡವೆಂದವರ ಎಲೆಗೆ ಒತ್ತಾಯದಿಂದ ಸಿಹಿ ಬಡಿಸುವುದನ್ನು ನಾವು ಪ್ರೀತಿಯೆಂದು ತಿಳಿದಿದ್ದೇವೆ. ಮಧುಮೇಹಿಗೆ ಅದು ಹಿಂಸೆ. ಪ್ರಸಾದವೆಂದರೆ ಪ್ರಸನ್ನತೆ, ಅದರ ಹಿರಿಮೆ ತೂಕದಲ್ಲಿಲ್ಲ. ಮಠಗಳ ದಾಸೋಹದಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಸಿಹಿ ಒಂದು ತುತ್ತಾಗಿ, ಪಲ್ಯ ಕೋಸಂಬರಿಗಳು ಹೆಚ್ಚಾಗಿ ಬರಲಿ. ಪ್ರಸಾದನಿಲಯಗಳಲ್ಲಿ ಜೋಳದ ರೊಟ್ಟಿ, ರಾಗಿ ಮುದ್ದೆಗಳನ್ನುಂಡು, ನೀರು ಸೇದಿ, ಅಂಗಳ ಗುಡಿಸಿ ಓದಿದ ಹಳೆಯ ವಿದ್ಯಾರ್ಥಿಗಳು ಇಂದು ಕಚೇರಿಗಳ ಆಸನಗಳಲ್ಲಿದ್ದಾರೆ. ಅವರು ಆ ಬಡತನಕ್ಕೆ ಮರಳಬೇಕಿಲ್ಲ. ಆಗಿನ ಮಿತವನ್ನೂ ಮೈದುಡಿಮೆಯನ್ನೂ ತಿಳಿದು ಉಳಿಸಿಕೊಂಡರೆ ಸಾಕು, ಮಕ್ಕಳಿಗೂ ಕಲಿಸಿದರೆ ಇನ್ನೂ ಲೇಸು.

ಸರ್ವರಿಗೂ ಆರೋಗ್ಯಭಾಗ್ಯ ಲಭಿಸಲಿ. ಆರೋಗ್ಯ ತಪ್ಪಿದವರಿಗೆ ನೆರೆಯವರ ಕರುಣೆ ಲಭಿಸಲಿ ಎಂದು ಹಾರೈಸುತ್ತೇವೆ.